‘ಕಾರ್ನಾಟಿಕ್’ ಶಬ್ದದ ಮೂಲ ಮತ್ತು ಅರ್ಥಪರಿವರ್ತನೆ

ಬಾಗಲಕೋಟೆ, ಇಳಕಲ್ಲುಗಳಲ್ಲಿ ಇತಿಹಾಸವನ್ನೋದುವ ವಿದ್ಯಾರ್ಥಿಯು 1746ರಿಂದ 1763ರ ವರೆಗಿನ ‘ಕಾರ್ನಾಟಿಕ್ ಯುದ್ಧ’ಗಳ ಅಧ್ಯಾಯಕ್ಕೆ ಬಂದಾಗ, ಅವು ತನ್ನ ನಾಡಿನಲ್ಲಿಯೇ ನಡೆದುವೆಂದು ಭಾವಿಸುವುದು ಸಹಜ. ಆದರೆ ಅವುಗಳ ಮುಖ್ಯ ರಣಭೂಮಿ ಆರ್ಕಾಟು, ತಿರುಚಿನಾಪಳ್ಳಿ, ವಾಂಡಿವಾಷ್ ಮೊದಲಾದ ತಮಿಳು ಸೀಮೆಯ ಸ್ಥಳಗಳು. ನಮ್ಮ ನಾಡಿನ ಹೆಸರು ಅಲ್ಲಿಗೆ ಹೋದುದು ಹೇಗೆಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

ಇಂಗ್ಲಿಷಿನ ಈ ಶಬ್ದಕ್ಕೆ ‘ಕರ್ಣಾಟಕ’ವೇ ಮೂಲ. ಇದರ ನಿಷ್ಪತ್ತಿಯಲ್ಲಿ ಒಮ್ಮತವಿಲ್ಲ. ಕರಿಯ ಮಣ್ಣಿನ ನಾಡೆಂದು ಕಾಲ್ಡ್‌ವೆಲ್ ಮೊದಲಾದವರೂ, ಎತ್ತರದ ನಾಡೆಂದು ಬೇರೆ ಕೆಲವರೂ ಅರ್ಥೈಸಿದ್ದಾರೆ. ಹುನಗುಂದದ ಎರೆಭೂಮಿಯನ್ನು ಕಂಡವರಿಗೆ ಮೊದಲನೆಯದು ಯುಕ್ತವೆನಿಸೀತು. ಆದರೆ ಬಾದಾಮಿಯ ಕೆಂಗಲ್ಲಿನ ಬೆಟ್ಟಗಳೂ ಇದೇ ನಾಡಿನವು. ಪಟ್ಟದಕಲ್ಲಿನ ಪ್ರಾಚೀನ ನಾಮವಾದ ‘ಕಿಸುವೊಳಲ್’ ಎಂಬುದಕ್ಕೆ ಕೆಂಪು ಪಟ್ಟಣವೆಂದೇ ಅರ್ಥ. ಆದುದರಿಂದ ಮಣ್ಣಿನ ಬಣ್ಣವೊಂದನ್ನೇ ಪ್ರಮಾಣವಾಗಿ ಹಿಡಿಯಲಾಗದು.

ಶಬ್ದದ ರಾಜಕೀಯ ಅರ್ಥವಾದರೋ ಹೆಚ್ಚು ಸ್ಪಷ್ಟವಾಗಿದೆ. ಎಂಟನೆಯ ಶತಮಾನದ ರಾಷ್ಟ್ರಕೂಟ ಶಾಸನಗಳು ಬಾದಾಮಿ ಚಾಲುಕ್ಯರ ಸೈನ್ಯವನ್ನು ‘ಕರ್ಣಾಟಕಬಲ’ವೆಂದು ಕರೆಯುತ್ತವೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ಎಲ್ಲೆಗಳಲ್ಲಿ ಕಿಸುವೊಳಲನ್ನೂ ಹೇಳುತ್ತದೆ. ಮುಂದೆ ವಿಜಯನಗರದ ಸಾಮ್ರಾಜ್ಯಕ್ಕೂ ಕರ್ಣಾಟಕವೆಂಬ ಹೆಸರು ಸಂದಿತು. 1565ರ ರಕ್ಕಸತಂಗಡಿ ಯುದ್ಧದ ತರುವಾಯ ಆ ಅರಸರು ಪೆನುಗೊಂಡೆ, ಚಂದ್ರಗಿರಿ, ವೇಲೂರುಗಳಿಗೆ ಸರಿಯಲು, ಹೆಸರೂ ಅವರೊಡನೆ ತೆರಳಿತು. ವಿಜಾಪುರ, ಗೋಲಕೊಂಡೆಗಳವರು ಆ ರಾಜ್ಯವನ್ನು ಗೆದ್ದಾಗ ಹೆಸರನ್ನು ಉಳಿಸಿಕೊಂಡು, ಘಟ್ಟದ ಮೇಲಣದನ್ನು ಬಾಲಾಘಾಟವೆಂದೂ ಕೆಳಗಣದನ್ನು ಪಾಯಿನ್‌ಘಾಟವೆಂದೂ ವಿಭಾಗಿಸಿದರು. ಮದರಾಸಿನಲ್ಲಿ ನೆಲಸಿದ್ದ ಇಂಗ್ಲಿಷರಿಗೆ ಸಮೀಪವಾದುದು ಪಾಯಿನ್‌ಘಾಟವೇ. ಅವರ ಬಳಕೆಯಲ್ಲಿ ಅದೇ ‘ಕಾರ್ನಾಟಿಕ್’ ಆಯಿತು; ಆರ್ಕಾಟಿನ ನವಾಬನು ಕಾರ್ನಾಟಿಕ್ಕಿನ ನವಾಬನಾದನು.

ಇತ್ತ 1818ರಲ್ಲಿ ಮನ್ರೋ ಬಾದಾಮಿಯ ಕೋಟೆಯನ್ನು ವಶಪಡಿಸಿಕೊಂಡನು. ಕರ್ಣಾಟಕಬಲದ ರಾಜಧಾನಿಯಿದ್ದ ಈ ಸೀಮೆಯನ್ನು ಇಂಗ್ಲಿಷರು ‘ದಕ್ಷಿಣ ಮರಾಠಾ ದೇಶ’ವೆಂದು ಕರೆದರು. ಹೀಗೆ ಹೆಸರು ಕನ್ನಡವಲ್ಲದ ನೆಲಕ್ಕೆ ಸಂದು, ಕನ್ನಡದ ನೆಲಕ್ಕೆ ಪರರ ಹೆಸರು ಬಂದಿತು. ಇದು ಕೇವಲ ಶಬ್ದದ ವಿಷಯವಲ್ಲ. ತಮ್ಮ ನಾಡು ಯಾವುದೆಂದು ಆಡಳಿತಕ್ಕೆ ತಿಳಿಸಿ ಹೇಳುವ ಹೊರೆ ಏಕೀಕರಣವಾದಿಗಳ ಮೇಲೆ ಬಿದ್ದುದಕ್ಕೆ ಇದೂ ಒಂದು ಕಾರಣ. 1956ರ ನವೆಂಬರ 1ರಂದು ಈ ತಾಲೂಕುಗಳು ಮೈಸೂರು ರಾಜ್ಯದಲ್ಲಿ ಸೇರಿದುವು. 1973ರ ನವೆಂಬರ 1ರಂದು ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು.

ಇಂದು ಇಂಗ್ಲಿಷಿನಲ್ಲಿ ಈ ಶಬ್ದವು ಹೆಚ್ಚಾಗಿ ದಕ್ಷಿಣಾದಿ ಸಂಗೀತವನ್ನು ಸೂಚಿಸುತ್ತದೆ. ಉತ್ತರ ಕರ್ನಾಟಕದಲ್ಲಿಯಾದರೋ ಹಿಂದೂಸ್ತಾನಿ ಪದ್ಧತಿಯೇ ಪ್ರಬಲವಾಗಿರುವುದು ಗಮನಾರ್ಹ. ಆದುದರಿಂದ ಇಂಗ್ಲಿಷ್ ಗ್ರಂಥಗಳಲ್ಲಿ ‘ಕಾರ್ನಾಟಿಕ್’ ಎಂದು ಕಂಡಲ್ಲೆಲ್ಲ, ಅದು ಯಾವ ಶತಮಾನದ, ಯಾರ ಬಳಕೆಯ ಶಬ್ದವೆಂದು ಮೊದಲು ನಿರ್ಣಯಿಸಿ, ಅನಂತರ ಅರ್ಥವನ್ನು ಗ್ರಹಿಸುವುದು ವಿದ್ಯಾರ್ಥಿಗಳಿಗೆ ಅವಶ್ಯ.