ಎಂಜಿನ್ನಿನ ಕತ್ತು ಹಿಸುಕಿದವರು ಯಾರು?

ನನ್ನ ದೊಡ್ಡಪ್ಪನ ಮಗ ವರ್ಷಕ್ಕೆ ಮೂರ್ನಾಲ್ಕು ಸಲ ತನ್ನ ಕಾರು ತೆಗೆದುಕೊಂಡು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿಗೆ ಹೋಗುತ್ತಾನೆ. ಹೊರಡುವ ಹಿಂದಿನ ರಾತ್ರಿ ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಕೂತು, ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಲ್ಯಾಪ್‌ಟಾಪ್ ಜೋಡಿಸುತ್ತಾನೆ. ಪರದೆಯ ಮೇಲೆ ಎರಡು ಫೈಲು. ಒಂದರ ಹೆಸರು 'ರೋಡ್', ಇನ್ನೊಂದರದು 'ಟ್ರ್ಯಾಕ್'. ಏನಣ್ಣಾ ವ್ಯತ್ಯಾಸ ಅಂದರೆ ನಕ್ಕು ಹೇಳಿದ: "ರೋಡ್ ಫೈಲಲ್ಲಿ ಕಂಪನಿಯವರು ಎಂಜಿನ್ನಿನ ಕತ್ತು ಹಿಸುಕಿಟ್ಟಿರ್ತಾರೆ ಕಣೇ. ನಾವು ಬಿಡಿಸ್ತೀವಿ, ಅಷ್ಟೇ."

ಫೈಲು ತೆರೆದಾಗ ಕಂಡದ್ದು ಅಂಕಿಗಳ ಕೋಷ್ಟಕ. ಹಳೆಯ ಕಂದಾಯ ಲೆಕ್ಕಪತ್ರ ಓದುವುದೇ ನನ್ನ ಸಂಶೋಧನೆಯ ಕೆಲಸ. ಕೋಷ್ಟಕ ಕಂಡರೆ ಇದನ್ನು ಬರೆದವರು ಯಾರು, ಯಾರ ಒತ್ತಾಯಕ್ಕೆ ಬರೆದರು ಎಂದು ಕೇಳುವ ಚಟ ಅಂಟಿಕೊಂಡಿದೆ. ಹಾಗಾಗಿ ಅವನ ಮಾತು ತಲೆಯಲ್ಲೇ ಉಳಿಯಿತು. ಹಿಸುಕಿದ್ದು ನಿಜವಾದರೆ, ಹಿಸುಕಿದ್ದು ಯಾರು?

ಮೊದಲು ಕೋಷ್ಟಕ ಏನೆಂದು ನೋಡೋಣ. ಇವತ್ತಿನ ಕಾರಿನ ಎಂಜಿನ್ನನ್ನು ನಡೆಸುವುದು ಇಸಿಯು ಎಂಬ ಪುಟ್ಟ ಕಂಪ್ಯೂಟರ್. ಅದರೊಳಗೆ ಮಗ್ಗಿ ಪುಸ್ತಕದಂಥ ಪಟ್ಟಿಗಳಿರುತ್ತವೆ. ಇವನ್ನೇ 'ಮ್ಯಾಪ್' ಅನ್ನುವುದು. ಅಡ್ಡಸಾಲಿನಲ್ಲಿ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತುತ್ತಿದೆ, ಉದ್ದಸಾಲಿನಲ್ಲಿ ಅದರ ಮೇಲೆ ಎಷ್ಟು ಭಾರ ಬಿದ್ದಿದೆ. ಎರಡೂ ಕೂಡುವ ಮನೆಯಲ್ಲಿರುವ ಅಂಕಿ ಎಷ್ಟು ಪೆಟ್ರೋಲ್ ಚಿಮ್ಮಿಸಬೇಕು, ಪಿಸ್ಟನ್ ಮೇಲೆ ಬರುವ ಎಷ್ಟು ಡಿಗ್ರಿ ಮೊದಲೇ ಕಿಡಿ ಹಚ್ಚಬೇಕು ಎಂದು ಹೇಳುತ್ತದೆ.

ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಆದರೆ ಅತಿ ಹೆಚ್ಚು ಶಕ್ತಿ ಸಿಗುವುದು ಅಲ್ಲಲ್ಲ, 12.5ರ ಆಸುಪಾಸಿನಲ್ಲಿ, ಅಂದರೆ ಪೆಟ್ರೋಲ್ ಸ್ವಲ್ಪ ಹೆಚ್ಚಾದಾಗ. ಉರಿಯದೆ ಉಳಿದ ಪೆಟ್ರೋಲ್ ಎಂಜಿನ್ನನ್ನು ತಂಪಾಗಿಡುತ್ತದೆ, ಆಮೇಲೆ ಹೊಗೆಯ ಕೊಳವೆಯಿಂದ ಹೊರಬೀಳುತ್ತದೆ. ಟ್ರ್ಯಾಕ್ ಫೈಲಿನಲ್ಲಿ ಅಣ್ಣ ಮಾಡುವುದು ಮುಖ್ಯವಾಗಿ ಇಷ್ಟೇ: ಭಾರದ ಮನೆಗಳಲ್ಲಿ ಪೆಟ್ರೋಲ್ ಹೆಚ್ಚಿಸುವುದು, ಒಳ್ಳೆಯ ಪೆಟ್ರೋಲ್ ಹಾಕುವ ಭರವಸೆಯಲ್ಲಿ ಕಿಡಿಯನ್ನು ಇನ್ನಷ್ಟು ಮುಂಚೆ ಹಚ್ಚುವುದು, ಸುತ್ತಿನ ಮಿತಿ ಏರಿಸುವುದು. ಟ್ರ್ಯಾಕಿನಲ್ಲಿ ಸಿಗ್ನಲ್ ಇಲ್ಲ, ಚಳಿಯ ಬೆಳಗಿನ ಸ್ಟಾರ್ಟಿಂಗ್ ಇಲ್ಲ, ಕಲಬೆರಕೆ ಪೆಟ್ರೋಲ್ ಹಾಕುವ ಹೆದ್ದಾರಿ ಬಂಕ್ ಇಲ್ಲ. ರೋಡ್ ಫೈಲು ಇವೆಲ್ಲಕ್ಕೂ ಒಂದಿಷ್ಟು ಜಾಗ ಬಿಟ್ಟಿರುತ್ತದೆ. ಅಣ್ಣ 'ಹಿಸುಕಿದ್ದು' ಅನ್ನುವುದರಲ್ಲಿ ಅರ್ಧ ಈ ಎಚ್ಚರಿಕೆ. ಉಳಿದರ್ಧಕ್ಕೆ ಬೇರೆಯೇ ಕತೆಯಿದೆ.

ಆ ಕತೆ ಶುರುವಾಗುವುದು ಲಾಸ್ ಏಂಜಲೀಸ್‌ನಲ್ಲಿ. 1943ರ ಜುಲೈ 26ರಂದು ಆ ನಗರದ ಮೇಲೆ ಕಣ್ಣು ಉರಿಸುವ ಮಬ್ಬು ಕವಿಯಿತು. ಯುದ್ಧದ ಕಾಲ, ಜಪಾನಿನವರು ವಿಷಾನಿಲ ಬಿಟ್ಟರೆಂದು ಜನ ಹೆದರಿದರು. ಆಮೇಲೆ ಕೃತಕ ರಬ್ಬರಿಗೆ ಸಾಮಗ್ರಿ ಮಾಡುವ ಕಾರ್ಖಾನೆಯ ಮೇಲೆ ಅನುಮಾನ ಬಂತು. ನಿಜವಾದ ಉತ್ತರ ಕೊಟ್ಟದ್ದು ಅನಾನಸ್ಸಿನ ಪರಿಮಳ ಯಾವುದರಿಂದ ಬರುತ್ತದೆ ಎಂದು ಹುಡುಕುತ್ತಿದ್ದ ಕ್ಯಾಲ್‌ಟೆಕ್‌ನ ರಸಾಯನ ವಿಜ್ಞಾನಿ ಆರಿ ಹಾಗೆನ್-ಸ್ಮಿತ್. ಪೆಟ್ರೋಲಿನ ಉರಿಯದ ಆವಿ ಮತ್ತು ಸಾರಜನಕದ ಆಕ್ಸೈಡುಗಳು ಬಿಸಿಲಿಗೆ ಬಿದ್ದು ಈ ಮಬ್ಬು ಹುಟ್ಟುತ್ತದೆಂದು 1950ರ ಸುಮಾರಿಗೆ ಅವರು ತೋರಿಸಿಕೊಟ್ಟರು. ಶತ್ರು ಸಮುದ್ರದಾಚೆ ಇರಲಿಲ್ಲ. ಪ್ರತಿ ಮನೆಯ ಮುಂದೆ ನಿಂತಿದ್ದ.

ಅಲ್ಲಿಯವರೆಗೆ ಪೆಟ್ರೋಲ್ ಹದ ಮಾಡುತ್ತಿದ್ದದ್ದು ಕಾರ್ಬ್ಯುರೇಟರ್. ಮೆಕ್ಯಾನಿಕ್ ಸ್ಕ್ರೂ ತಿರುಗಿಸಿ, ಶಬ್ದ ಕೇಳಿ, ಸ್ಪಾರ್ಕ್ ಪ್ಲಗ್ಗಿನ ಬಣ್ಣ ನೋಡಿ ಟ್ಯೂನ್ ಮಾಡುತ್ತಿದ್ದ. ಅವನ ಕಿವಿಗೆ ಎಂಜಿನ್ನಿನ ಸುಖ ಕೇಳಿಸುತ್ತಿತ್ತು, ಹಿಂದೆ ನಿಂತವರ ಕೆಮ್ಮು ಕೇಳಿಸುತ್ತಿರಲಿಲ್ಲ. ಕ್ಯಾಲಿಫೋರ್ನಿಯಾ ಹೊಗೆಗೆ ಮಿತಿ ಹಾಕಿದ ಮೇಲೆ ಕಿವಿಯ ಲೆಕ್ಕ ಸಾಲದಾಯಿತು. 1967ರಲ್ಲಿ ಫೋಕ್ಸ್‌ವ್ಯಾಗನ್ 1600 ಕಾರು ಅಮೆರಿಕದ ಮಾರುಕಟ್ಟೆಗೆ ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಇಂಜೆಕ್ಷನ್ ಹೊತ್ತು ಬಂತು. 1976ರಲ್ಲಿ ವೋಲ್ವೊ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಮೂಸಿ ನೋಡುವ ಲ್ಯಾಂಬ್ಡಾ ಸೆನ್ಸರನ್ನು ಕಾರಿಗೆ ಕೂರಿಸಿತು. ಜೊತೆಗೆ ಮೂರು ಬಗೆಯ ವಿಷವನ್ನು ಒಟ್ಟಿಗೆ ತೊಳೆಯುವ ಕ್ಯಾಟಲಿಟಿಕ್ ಕನ್ವರ್ಟರ್. ಈ ಕನ್ವರ್ಟರಿಗೆ ಒಂದೇ ಹಠ. ಗಾಳಿ-ಪೆಟ್ರೋಲಿನ ಹದ 14.7ರ ಆಚೀಚೆ ಕೂದಲೆಳೆಯಷ್ಟೇ ಸರಿಯಬೇಕು, ಇಲ್ಲದಿದ್ದರೆ ಅದು ಕೆಲಸ ಮಾಡುವುದಿಲ್ಲ. ಪೆಟ್ರೋಲ್ ಹೆಚ್ಚಾದರೆ ವಿಷ ಸುಡಲು ಆಮ್ಲಜನಕವೇ ಸಿಗದು. ಅಣ್ಣನ ರೋಡ್ ಫೈಲಿನಲ್ಲಿ ಸಾಲುಸಾಲಾಗಿ ಕಾಣುವ 14.7 ಬಂದದ್ದು ಇಲ್ಲಿಂದ. ಅದು ಎಂಜಿನ್ನಿಗೆ ಬೇಕಾದ ಅಂಕಿಯಲ್ಲ, ಕಾರಿನಲ್ಲಿ ಕೂರದವರು ಹಾಕಿಸಿದ ಅಂಕಿ.

ರೇಸಿನಲ್ಲಿ ಹುಟ್ಟಿದ ತಂತ್ರಜ್ಞಾನ ರಸ್ತೆಗೆ ಇಳಿಯುತ್ತದೆ ಎಂದು ಕಾರುಪ್ರಿಯರು ಹೇಳುವುದುಂಟು. ಇಲ್ಲಿ ಆದದ್ದು ಉಲ್ಟಾ. ಇಂಜೆಕ್ಷನ್ ಮತ್ತು ಕಿಡಿ ಎರಡನ್ನೂ ಒಂದೇ ಡಿಜಿಟಲ್ ಪೆಟ್ಟಿಗೆ ನಡೆಸುವ ಬಾಷ್ ಮೋಟ್ರಾನಿಕ್ 1979ರಲ್ಲಿ ಬಿಎಂಡಬ್ಲ್ಯು 732ಐ ಎಂಬ ರಸ್ತೆಯ ಕಾರಿನಲ್ಲಿ ಬಂತು. ಅದೇ ವಂಶದ ಪೆಟ್ಟಿಗೆ ಬಿಎಂಡಬ್ಲ್ಯುವಿನ ಒಂದೂವರೆ ಲೀಟರಿನ ಟರ್ಬೊ ಎಂಜಿನ್ನಿಗೆ ಸೇರಿ, 1983ರಲ್ಲಿ ನೆಲ್ಸನ್ ಪಿಕೆ ಬ್ರಾಭಮ್ ಕಾರಿನಲ್ಲಿ ಫಾರ್ಮುಲಾ ಒನ್ ಚಾಂಪಿಯನ್ ಆದರು. ಟರ್ಬೊ ಎಂಜಿನ್ನಿಗೆ ಸಿಕ್ಕ ಮೊದಲ ಚಾಲಕ ಪಟ್ಟವದು. ಆ ಕಾಲದ ಅರ್ಹತಾ ಸುತ್ತಿನ ಎಂಜಿನ್ನುಗಳು ಕೆಲವೇ ಸುತ್ತಿಗೆಂದು ಟ್ಯೂನ್ ಆಗಿರುತ್ತಿದ್ದವು. ನಾಳೆಯೆಂಬುದೇ ಇಲ್ಲದ ಮ್ಯಾಪ್.

1984ರಲ್ಲಿ ಅಲ್ಲೂ ಲಗಾಮು ಬಿತ್ತು. ಪೂರ್ತಿ ರೇಸಿಗೆ 220 ಲೀಟರ್ ಇಂಧನ, ನಡುವೆ ತುಂಬಿಸುವಂತಿಲ್ಲ. 1985ರ ಇಮೋಲ ರೇಸಿನಲ್ಲಿ ಮುಂದಿದ್ದ ಐರ್ಟನ್ ಸೆನ್ನಾ ಕಾರು ಕೊನೆಯ ಸುತ್ತುಗಳಲ್ಲಿ ಇಂಧನ ಮುಗಿದು ನಿಂತಿತು. ಮುನ್ನಡೆ ಪಡೆದ ಸ್ಟೆಫಾನ್ ಯೋಹಾನ್ಸನ್ ಗತಿಯೂ ಅದೇ ಆಯಿತು. ಅಂದಿನಿಂದ ಟ್ರ್ಯಾಕಿನ ಮ್ಯಾಪ್ ಬರೆಯುವವರೂ ಹನಿ ಲೆಕ್ಕ ಕಲಿತರು. ಹೊರಗಿನಿಂದ ನಿಯಮ ಬರುವವರೆಗೆ ಯಾವ ಮ್ಯಾಪೂ ತಾನಾಗಿ ಮಿತವಾಗಿರುವುದಿಲ್ಲ.

ನಮ್ಮಲ್ಲಿ ಆ ಒತ್ತಡ ಬಂದದ್ದು ನ್ಯಾಯಾಲಯದಿಂದ. ದೆಹಲಿಯ ಗಾಳಿಯ ಕುರಿತ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1999ರ ಏಪ್ರಿಲ್‌ನಲ್ಲಿ, ಮುಂದಿನ ವರ್ಷದೊಳಗೆ ರಾಜಧಾನಿ ವಲಯದ ಹೊಸ ಕಾರುಗಳು ಯೂರೊ-2 ಮಟ್ಟ ಮುಟ್ಟಬೇಕೆಂದಿತು. ಕಾರ್ಬ್ಯುರೇಟರ್ ಹಿಂದೆ ಸರಿದು, ಕಾರುಗಳ ಹಿಂಬದಿಯಲ್ಲಿ 'ಎಂಪಿಎಫ್‌ಐ' ಎಂಬ ಅಕ್ಷರಗಳು ಮಿಂಚಿದವು. 2000ದ ಫೆಬ್ರವರಿಯಿಂದ ದೇಶದ ಪೆಟ್ರೋಲಿನಲ್ಲಿ ಸೀಸ ಇಲ್ಲವಾಯಿತು. ಸೀಸ ಇದ್ದರೆ ಕನ್ವರ್ಟರ್ ಬದುಕುವುದಿಲ್ಲ. ಬೆಂಗಳೂರಿನವರಿಗೆ ಈ ಚರಿತ್ರೆ ದೂರದ್ದೇನಲ್ಲ. 1951ರಲ್ಲಿ ಶುರುವಾಗಿ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪು ಮಾಡಿದ ಮೈಕೋ, ಅದೇ ಬಾಷ್‌ನ ಭಾರತದ ಮನೆ. ಇವತ್ತು ಎಂಜಿನ್ ಸಾಫ್ಟ್‌ವೇರ್ ಬರೆಯುವ ಎಷ್ಟೋ ಜನ ಇದೇ ಊರಿನಲ್ಲಿ ನಮ್ಮ ಜೊತೆ ಟ್ರಾಫಿಕ್ಕಿನಲ್ಲಿ ನಿಲ್ಲುತ್ತಾರೆ.

ಅಂಕಿ ಬದಲಿಸುವುದು ಸುಲಭವಾದಾಗ ಸುಳ್ಳು ಹೇಳುವುದೂ ಸುಲಭವಾಯಿತು. 1995ರಲ್ಲಿ ಜನರಲ್ ಮೋಟಾರ್ಸ್ ಅಮೆರಿಕದಲ್ಲಿ ಸುಮಾರು 4.7 ಲಕ್ಷ ಕ್ಯಾಡಿಲಾಕ್‌ಗಳನ್ನು ವಾಪಸ್ ಕರೆಸಿ ದಂಡ ಕಟ್ಟಬೇಕಾಯಿತು. ಎಸಿ ಹಾಕಿದರೆ ಕಂಪ್ಯೂಟರ್ ಪೆಟ್ರೋಲ್ ಹೆಚ್ಚಿಸುತ್ತಿತ್ತು, ಸರ್ಕಾರಿ ಪರೀಕ್ಷೆ ನಡೆಯುತ್ತಿದ್ದದ್ದು ಎಸಿ ಆರಿಸಿ. ಫೋಕ್ಸ್‌ವ್ಯಾಗನ್ ಇದನ್ನು ಪೂರ್ಣ ಪ್ರಮಾಣದ ಮೋಸವಾಗಿಸಿತು. ಚಕ್ರ ಓಡುತ್ತಿದ್ದರೂ ಸ್ಟೇರಿಂಗ್ ತಿರುಗದಿದ್ದರೆ ಇದು ಪ್ರಯೋಗಾಲಯ ಎಂದು ಡೀಸೆಲ್ ಕಾರು ಊಹಿಸಿ ಸಾಧುವಾಗುತ್ತಿತ್ತು, ರಸ್ತೆಗೆ ಬಂದರೆ ಬೇರೆ ಲೆಕ್ಕ. ಅದನ್ನು ಬಯಲಿಗೆಳೆಯಲು ನೆರವಾದದ್ದು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಪುಟ್ಟ ತಂಡ. ಡಿಕ್ಕಿಯಲ್ಲಿ ಅಳತೆಯ ಯಂತ್ರ ಹೇರಿಕೊಂಡು ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಓಡಾಡಿದವರಲ್ಲಿ ಬೆಂಗಳೂರಿನಿಂದ ಹೋದ ಹೇಮಂತ್ ಕಪ್ಪಣ್ಣ ಕೂಡ ಒಬ್ಬರು. ಒಂದು ಕಾರು ಮಿತಿಯ 15ರಿಂದ 35 ಪಟ್ಟು ಸಾರಜನಕದ ಆಕ್ಸೈಡು ಉಗುಳುತ್ತಿರುವುದು ಅವರ ಅಳತೆಯಲ್ಲಿ ಕಂಡಿತು. 2015ರ ಸೆಪ್ಟೆಂಬರಿನಲ್ಲಿ ಹಗರಣ ಸ್ಫೋಟಿಸಿತು. ಲೋಕದಾದ್ಯಂತ ಸುಮಾರು 1.1 ಕೋಟಿ ವಾಹನಗಳಲ್ಲಿ ಆ ತಂತ್ರವಿತ್ತು. ನಮ್ಮಲ್ಲೂ 2023ರ ಏಪ್ರಿಲ್‌ನಿಂದ ಕಾರುಗಳು ಪ್ರಯೋಗಾಲಯದ ಜೊತೆಗೆ ನಿಜವಾದ ರಸ್ತೆಯಲ್ಲೂ ಪಾಸಾಗಬೇಕಾಗಿದೆ.

ಕಳೆದ ಸಲ ಟ್ರ್ಯಾಕಿನಿಂದ ಬಂದ ಅಣ್ಣ ಫೈಲು ಬದಲಿಸಿರಲಿಲ್ಲ. ಅವನು ಬಿಚ್ಚಿಟ್ಟ ಕನ್ವರ್ಟರ್ ರಟ್ಟಿನ ಡಬ್ಬದಲ್ಲಿ ಅಟ್ಟದ ಮೇಲಿತ್ತು. ಒಂದು ವಾರ ಅದೇ ಮ್ಯಾಪಿನಲ್ಲಿ ಆಫೀಸಿಗೆ ಓಡಾಡಿದ. ಬೆಳಿಗ್ಗೆ ಕಾರು ಸ್ಟಾರ್ಟ್ ಆದರೆ ಪಾರ್ಕಿಂಗಿಗೆ ಕಿಟಕಿಯಿರುವ ನೆಲಮಹಡಿಯ ಅಜ್ಜಿ ಬಂದು ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ನಾನು ಈ ಕತೆಯನ್ನೆಲ್ಲ ಹೇಳಿದೆ. ಟ್ರ್ಯಾಕಿನಲ್ಲಿ ನೀನು ಏನು ಬೇಕಾದರೂ ಮಾಡು, ಅಲ್ಲಿ ಬಂದವರೆಲ್ಲ ಒಪ್ಪಿ ಬಂದವರು, ಇಲ್ಲಿ ಹಾಗಲ್ಲ ಅಂದೆ.

"ನನ್ನೊಬ್ಬನ ಕಾರಿನಿಂದ ಏನಾಗುತ್ತೆ ಬಿಡೇ" ಅಂದ. 1943ರಲ್ಲಿ ಲಾಸ್ ಏಂಜಲೀಸ್‌ನವರಿಗೂ ಹಾಗೆಯೇ ಅನ್ನಿಸಿದ್ದಿರಬೇಕು. ಎರಡು ದಿನ ಬಿಟ್ಟು ನೋಡಿದರೆ ರಟ್ಟಿನ ಡಬ್ಬ ಅಟ್ಟದಿಂದ ಇಳಿದಿತ್ತು. ಲ್ಯಾಪ್‌ಟಾಪ್ ಹಿಡಿದು ಕೂತವನು, ನಾನು ಏನೂ ಕೇಳದಿದ್ದರೂ, ತಲೆ ಎತ್ತದೆ ಹೇಳಿದ: "ರೋಡ್ ಫೈಲೇ ಹಾಕ್ತಿದ್ದೀನಿ. ಆ ಅಜ್ಜಿಗೆ ಹೇಳು."