ಸರ್ಕಲ್, ಬ್ಯಾಂಕ್, ಸ್ಯಾಂಕ್ಷನ್

ಮೈಸೂರಿನವರಿಗೆ ‘ಸರ್ಕಲ್’ ಎಂದೊಡನೆ ನೆನಪಾಗುವುದು ಕೆ.ಆರ್. ಸರ್ಕಲ್: ಹಲವು ರಸ್ತೆ ಕೂಡುವ ಜಾಗ. ಶಾಲೆಯ ಹುಡುಗನಿಗೆ ಅದು ಕೈವಾರದಿಂದ ಎಳೆದ ದುಂಡು ಗೆರೆ. ಪೊಲೀಸರಿಗೆ ಕೆಲವು ಠಾಣೆಗಳ ವ್ಯಾಪ್ತಿ. ಇಂಗ್ಲಿಷಿನಲ್ಲಿ ಗೆಳೆಯರ ಬಳಗವೂ ಸರ್ಕಲ್ಲೇ. ಲ್ಯಾಟಿನ್ನಿನಲ್ಲಿ ಸಣ್ಣ ಉಂಗುರವೆಂಬ ಅರ್ಥವಿದ್ದ ಪದ ಹೀಗೆ ಕವಲೊಡೆಯಿತು. ನಾವು ಅದನ್ನು ‘ವೃತ್ತ’ ಎಂದೆವು. ವೃತ್ತವೇನು ಕಡಿಮೆಯೆ? ಪಂಪನ ಕಾವ್ಯದಲ್ಲಿ ಅದು ಛಂದಸ್ಸು, ವೃತ್ತಪತ್ರಿಕೆಯಲ್ಲಿ ಸುದ್ದಿ!

‘ಬ್ಯಾಂಕ್’ ಕಥೆ ಬೇರೆ. ಹೊಳೆಯ ದಡವೂ ಬ್ಯಾಂಕ್, ಹಣವಿಡುವ ಸಂಸ್ಥೆಯೂ ಬ್ಯಾಂಕ್. ದಡದ ಪದ ಇಂಗ್ಲಿಷಿಗೆ ಬಂದದ್ದು ಸ್ಕ್ಯಾಂಡಿನೇವಿಯದ ನುಡಿಯಿಂದ. ಹಣದ್ದು, ಇಟಲಿಯ ಲೇವಾದೇವಿಗಾರರ ‘ಬಾಂಕಾ’ ಎಂಬ ಬೆಂಚಿನಿಂದ. ಬಹಳ ಹಿಂದೆ ಎರಡಕ್ಕೂ ಬೇರು ಒಂದೇ ಆದರೂ ಬಂದ ದಾರಿ ಬೇರೆಯಾದ್ದರಿಂದ ನಿಘಂಟುಕಾರರು ಎರಡು ಪದಗಳೆಂದೇ ಎಣಿಸುತ್ತಾರೆ. 1913ರಲ್ಲಿ ಮೈಸೂರು ಬ್ಯಾಂಕ್ ಹುಟ್ಟಿದ ಸಂಸ್ಥಾನದಲ್ಲಿ ಜನರ ನಾಲಗೆಗೆ ಹತ್ತಿದ್ದು ಹಣದ ಬ್ಯಾಂಕ್ ಒಂದೇ. ಪಾಠದಲ್ಲಿ ‘ಬ್ಯಾಂಕ್ ಆಫ್ ದಿ ರಿವರ್’ ಕಂಡ ಹಳ್ಳಿ ಹುಡುಗ ತಬ್ಬಿಬ್ಬಾದರೆ ತಪ್ಪು ಅವನದಲ್ಲ.

ಒಂದು ಪದಕ್ಕೆ ಹಲವು ಅರ್ಥ ಹೇಳುವ ಕಲೆ ನಮಗೆ ಹೊಸದೇನಲ್ಲ. ಅಮರಕೋಶದಲ್ಲಿ ಇದಕ್ಕೆಂದೇ ‘ನಾನಾರ್ಥವರ್ಗ’ ಉಂಟು; ಹಿಂದಿನವರು ಅದನ್ನು ಬಾಯಿಪಾಠ ಮಾಡುತ್ತಿದ್ದರು. 1824ರಲ್ಲಿ ಮದರಾಸಿನಲ್ಲಿ ಅಚ್ಚಾದ ವಿಲಿಯಂ ರೀವ್ ಅವರ ಇಂಗ್ಲಿಷ್–ಕನ್ನಡ ನಿಘಂಟು ಮುಖ್ಯವಾಗಿ ಕನ್ನಡ ಕಲಿಯಬೇಕಿದ್ದ ಪರದೇಶಿಗಳಿಗೆ ಒದಗಿತು. ಇಂಗ್ಲಿಷ್ ಓದುವ ಕನ್ನಡಿಗನಿಗೆ ದೊಡ್ಡ ಆಸರೆಯಾದದ್ದು 1946ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹೊರತಂದ ನಿಘಂಟು. ಮುಂದೆ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದ್ದ ಜಿ. ವೆಂಕಟಸುಬ್ಬಯ್ಯನವರು 1991ರಿಂದ ‘ಇಗೋ ಕನ್ನಡ’ ಅಂಕಣದಲ್ಲಿ ಪದಗಳ ಬಗ್ಗೆ ಓದುಗರು ಕೇಳಿದ್ದಕ್ಕೆಲ್ಲ ಉತ್ತರ ಬರೆದರು. ಜನರಿಗೆ ಪದದ ಹಸಿವು ಎಷ್ಟಿತ್ತೆಂಬುದಕ್ಕೆ ಆ ಅಂಕಣವೇ ಸಾಕ್ಷಿ.

ಅರ್ಥಗಳು ಬೇರೆಯಾದರೆ ಹೇಗೋ ನಿಭಾಯಿಸಬಹುದು, ಒಂದಕ್ಕೊಂದು ವಿರುದ್ಧವಾದರೆ? ‘ಸಾಲ ಸ್ಯಾಂಕ್ಷನ್ ಆಯಿತು’ ಎಂದರೆ ಮನೆಯಲ್ಲಿ ಪಾಯಸ. ಕುವೈತನ್ನು ಆಕ್ರಮಿಸಿದ ಇರಾಕಿನ ಮೇಲೆ 1990ರ ಆಗಸ್ಟಿನಲ್ಲಿ ವಿಶ್ವಸಂಸ್ಥೆ ಹೇರಿದ್ದೂ ಸ್ಯಾಂಕ್ಷನ್ನೇ: ವ್ಯಾಪಾರ ಬಂದ್. ರೋಮನ್ನರಲ್ಲಿ ಇದು ಶಾಸನವನ್ನು ವಿಧಿಸುವ ಮಾತು. ಶಾಸನ ಮೀರಿದವರಿಗೆ ಶಿಕ್ಷೆ ಹೇಳುವ ಭಾಗಕ್ಕೂ ಅದೇ ಹೆಸರು. ಒಪ್ಪಿಗೆಯ ಅರ್ಥ ನಮ್ಮ ಕಚೇರಿಗಳಿಗೆ ಬಂದು ‘ಮಂಜೂರಾತಿ’ಯಾಯಿತು, ಶಿಕ್ಷೆಯ ಅರ್ಥ ಪತ್ರಿಕೆಗಳಲ್ಲಿ ‘ನಿರ್ಬಂಧ’ವಾಯಿತು. ಇಂಗ್ಲಿಷಿನವರು ಇಂದಿಗೂ ಒಂದೇ ಪದದಲ್ಲಿ ಎರಡನ್ನೂ ಸಾಗಿಸುತ್ತಿದ್ದಾರೆ.