ಮೂರು ಕಾಲಿನ ಮೇಲೆ ನಿಂತ ಕುದುರೆ: ಮುಂಬಯಿಯಲ್ಲಿ ಚಿಕಿತ್ಸೆಯ ಅವಧಿಯ ಪ್ರಶ್ನೆ

ಮುಂಬಯಿಯ ಹತ್ತೊಂಬತ್ತನೆಯ ಶತಮಾನದ ಚರಿತ್ರೆಯನ್ನು ಹತ್ತಿ, ಗಿರಣಿ, ಹಡಗುಕಟ್ಟೆ ಮತ್ತು ರೈಲಿನ ಕಥೆಯಾಗಿ ಬರೆಯುವುದು ವಾಡಿಕೆಯಾದರೂ, ಆ ನಗರದ ದಿನನಿತ್ಯದ ಓಡಾಟ ಬಹುಪಾಲು ನಿಂತಿದ್ದುದು ಕುದುರೆಯ ಕಾಲುಗಳ ಮೇಲೆ. ಅರೇಬಿಯಾ ಮತ್ತು ಪರ್ಷಿಯನ್ ಕೊಲ್ಲಿಯ ಕಡೆಯಿಂದ ಹಡಗೇರಿ ಬಂದ ಕುದುರೆಗಳು ಭೇಂಡಿ ಬಜಾರಿನ ಲಾಯಗಳಲ್ಲಿ ಗಿರಾಕಿಗಳಿಗಾಗಿ ಕಾಯುತ್ತಿದ್ದವು. ಮೊದಲು ಬೈಕುಲಾದಲ್ಲಿ ನಡೆಯುತ್ತಿದ್ದ ಪಂದ್ಯಗಳಿಗೆ 1883ರಲ್ಲಿ ಮಹಾಲಕ್ಷ್ಮಿಯ ಮೈದಾನ ಸಿದ್ಧವಾಯಿತು. 1874ರ ಮೇ 9ರಂದು ಹಳಿಯ ಮೇಲೆ ಟ್ರಾಮ್ ಓಡತೊಡಗಿದಾಗ ಅದನ್ನು ಎಳೆಯಲು ಕಂಪನಿ 900 ಕುದುರೆಗಳನ್ನು ಸಾಕಿತ್ತು. ಇಷ್ಟು ಕುದುರೆಗಳು ದುಡಿದ ಊರಿನಲ್ಲಿ ಬಿದ್ದು ಕಾಲು ಮುರಿದುಕೊಂಡ ಕುದುರೆಗೆ ಎಷ್ಟು ದಿನ ಚಿಕಿತ್ಸೆ ಕೊಡಬೇಕು, ಯಾವ ಗಳಿಗೆಯಲ್ಲಿ ಕೈಬಿಡಬೇಕು, ಕೈಬಿಡುವುದೆಂದರೆ ಅದನ್ನು ಕೊಲ್ಲುವುದೋ ಅಥವಾ ಅದು ತಾನಾಗಿ ಸಾಯುವವರೆಗೆ ಮೇವು ನೀರು ಕೊಟ್ಟು ನೋಡಿಕೊಳ್ಳುವುದೋ ಎಂಬ ಪ್ರಶ್ನೆ ಲಾಯದಲ್ಲಿ ಮಾತ್ರವಲ್ಲದೆ ಧರ್ಮಸಂಸ್ಥೆಯಲ್ಲೂ ಆಸ್ಪತ್ರೆಯಲ್ಲೂ ಕಾನೂನಿನಲ್ಲೂ ಎದ್ದಿತು. ಒಂದೊಂದು ಕಡೆಯೂ ಒಂದೊಂದು ಉತ್ತರ ಕೊಟ್ಟಿತು.

ಈ ಪ್ರಶ್ನೆ ಬೇರೆ ಸಾಕುಪ್ರಾಣಿಗಳಿಗಿಂತ ಕುದುರೆಯ ವಿಷಯದಲ್ಲಿ ಏಕೆ ಇಷ್ಟು ಕಠಿಣವಾಯಿತು ಎಂಬುದು ಅದರ ದೇಹರಚನೆಯಿಂದ ತಿಳಿಯುತ್ತದೆ. ಸುಮಾರು 450 ಕಿಲೋ ತೂಗುವ ಪ್ರಾಣಿ ನಿಲ್ಲುವುದು ನಾಲ್ಕೇ ಬೆರಳುಗಳ ತುದಿಯ ಮೇಲೆ. ಒಂದೊಂದು ಗೊರಸೂ ಮನುಷ್ಯನ ಕೈಯ ನಡುಬೆರಳಿನ ಉಗುರಿಗೆ ಸಮ. ಮೊಣಕಾಲಿನ ಕೆಳಗೆ ಮಾಂಸಖಂಡವೇ ಇಲ್ಲವೆನ್ನಬಹುದು; ಮೂಳೆ, ನರದಂತೆ ಬಿಗಿದ ಸ್ನಾಯುರಜ್ಜು ಮತ್ತು ಚರ್ಮ ಇಷ್ಟೇ ಇರುವುದರಿಂದ ಮುರಿದ ಮೂಳೆಯ ಚೂರು ಸುಲಭವಾಗಿ ಚರ್ಮವನ್ನು ಸೀಳಿ ಹೊರಬರುತ್ತದೆ, ರಕ್ತದ ಪೂರೈಕೆ ಕಡಿಮೆಯಾದ್ದರಿಂದ ಗಾಯ ನಿಧಾನವಾಗಿ ಮಾಯುತ್ತದೆ. ಮನುಷ್ಯನಂತೆ ಕುದುರೆಯನ್ನು ತಿಂಗಳುಗಟ್ಟಲೆ ಮಲಗಿಸಿಡುವುದೂ ಆಗದ ಮಾತು. ಮಲಗಿದರೆ ತನ್ನ ಭಾರಕ್ಕೆ ತಾನೇ ನಲುಗಿ ಮೈಯೆಲ್ಲ ಹುಣ್ಣಾಗುತ್ತದೆ, ಕರುಳಿನ ಚಲನೆ ಕೆಡುತ್ತದೆ, ಶ್ವಾಸಕೋಶದಲ್ಲಿ ರಕ್ತ ಕಟ್ಟುತ್ತದೆ.

ನಿಲ್ಲಿಸಿದರೂ ಅಪಾಯ ತಪ್ಪುವುದಿಲ್ಲ, ನಿಜವಾದ ಸಂಕಟ ಇರುವುದು ಇಲ್ಲಿಯೇ. ಕುದುರೆ ಹೆಜ್ಜೆ ಎತ್ತಿ ಇಡುವಾಗಲೆಲ್ಲ ಗೊರಸಿನೊಳಕ್ಕೆ ರಕ್ತ ಹರಿದು ಬಂದು ಹೋಗುತ್ತದೆ. ಒಂದು ಕಾಲು ಮುರಿದಾಗ ಅದರ ಜೊತೆಯ ಕಾಲು ಇಡೀ ಹೊರೆಯನ್ನು ಹೊತ್ತು ಎತ್ತಲೂ ಆಗದೆ ನಿಂತಿರುವುದರಿಂದ ಆ ಹರಿವು ಕುಂದುತ್ತದೆ. ಗೊರಸಿನ ಗೋಡೆಯನ್ನು ಒಳಗಿನ ಮೂಳೆಗೆ ಹಿಡಿದಿಡುವ ಸೂಕ್ಷ್ಮ ಪದರಗಳು ಆಗ ಉರಿಗೊಂಡು ಸಡಿಲವಾಗಿ, ಮೂಳೆಯೇ ಗೊರಸಿನೊಳಗೆ ಕುಸಿಯತೊಡಗುತ್ತದೆ. ಇದನ್ನು ಇಂದಿನ ವೈದ್ಯರು ಲ್ಯಾಮಿನೈಟಿಸ್ ಎಂದು ಕರೆಯುತ್ತಾರೆ. ಅನುಭವವುಳ್ಳ ಸಾಯಿಸ್, ಅಂದರೆ ಕುದುರೆಯ ಚಾಕರಿ ಮಾಡುವವನು, ಕಟ್ಟು ಹಾಕಿದ ಕಾಲನ್ನು ಬಿಟ್ಟು ಗಟ್ಟಿಯಾಗಿರುವ ಕಾಲಿನ ಗೊರಸನ್ನೇ ಬೆಳಗೂ ಸಂಜೆಯೂ ಅಂಗೈಯಿಂದ ಮುಟ್ಟಿ ಬಿಸಿ ಏರಿದೆಯೇ ಎಂದು ನೋಡುವುದು ಮತ್ತು ಗೊರಸಿನ ಮೇಲ್ಭಾಗದ ಸಂದಿನ ಹಿಂದೆ ಬೆರಳಿಟ್ಟು ನಾಡಿ ಬಡಿಯುವುದನ್ನು ಪರೀಕ್ಷಿಸುವುದು ಈ ಕಾರಣಕ್ಕಾಗಿ. ಮುರಿದ ಮೂಳೆ ಕೂಡಿಕೊಳ್ಳಲು ತಿಂಗಳುಗಳು ಬೇಕು, ಇನ್ನೊಂದು ಗೊರಸು ಕೆಡಲು ಕೆಲವೇ ವಾರ ಸಾಕು. ಚಿಕಿತ್ಸೆಯ ಅವಧಿಯನ್ನು ನಿರ್ಧರಿಸುವುದು ಬಹುಮಟ್ಟಿಗೆ ಈ ಎರಡು ಕಾಲಗಳ ನಡುವಿನ ಅಂತರ.

ಭಾರತೀಯ ಅಶ್ವವೈದ್ಯಕ್ಕೆ ಇಂಥ ಕುದುರೆಯನ್ನು ಗುರುತಿಸುವ ಪರಿಭಾಷೆ ಹಿಂದಿನಿಂದಲೂ ಇತ್ತು. ಶಾಲಿಹೋತ್ರನ ಹೆಸರಿನಲ್ಲಿ ಬೆಳೆದು, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲೂ ಅಭಿನವಚಂದ್ರನ ಕನ್ನಡ ಅಶ್ವಶಾಸ್ತ್ರದಲ್ಲೂ ಮುಂದುವರಿದ ಈ ವಿದ್ಯೆ ಆಯುರ್ವೇದದ ನೆರಳಿನಲ್ಲಿಯೇ ಬೆಳೆದದ್ದು; ಆಯುರ್ವೇದವು ವ್ಯಾಧಿಗಳನ್ನು ಗುಣವಾಗುವ 'ಸಾಧ್ಯ', ಚಿಕಿತ್ಸೆ ನಡೆಯುವಷ್ಟು ಕಾಲ ಮಾತ್ರ ಹತೋಟಿಯಲ್ಲಿರುವ 'ಯಾಪ್ಯ' ಮತ್ತು ಗುಣವಾಗದ 'ಅಸಾಧ್ಯ' ಎಂದು ವಿಂಗಡಿಸುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ ಅಸಾಧ್ಯವೆಂಬ ತೀರ್ಮಾನ ವೈದ್ಯನ ಕೈಯನ್ನು ಹಿಂದಕ್ಕೆಳೆಯುತ್ತದೆಯೇ ಹೊರತು ರೋಗಿಯ ಪ್ರಾಣ ತೆಗೆಯುವ ಹೊಣೆಯನ್ನು ಅವನ ಮೇಲೆ ಹೊರಿಸುವುದಿಲ್ಲ. ಶಾಲಿಹೋತ್ರ ಎಂಬ ಹೆಸರೇ ಜನರ ಬಾಯಲ್ಲಿ ಸವೆದು 'ಸಾಲೋತ್ರಿ' ಆಯಿತು. ಬ್ರಿಟಿಷರ ಕುದುರೆ ದಂಡುಗಳಲ್ಲೂ ದೇಶೀ ಅಶ್ವವೈದ್ಯನನ್ನು ಇದೇ ಹೆಸರಿನಿಂದ ಕರೆಯುತ್ತಿದ್ದರು. ಅಸಾಧ್ಯವಾದ ಕುದುರೆಗೆ ಗುಂಡು ಹೊಡೆದು ನೋವನ್ನು ಮುಗಿಸುವುದೇ ದಯೆ ಎಂದು ಕಲಿತು ಬಂದ ಯುರೋಪಿನ ಪಶುವೈದ್ಯನೂ, ಕೈಬಿಡುವುದು ಬೇರೆ ಕೊಲ್ಲುವುದು ಬೇರೆ ಎಂದು ನಂಬಿದ ಊರೂ ಎದುರುಬದುರಾದದ್ದು ಮುಂಬಯಿಯಲ್ಲಿ.

ಕೊಲ್ಲಬಾರದೆಂಬ ನಂಬಿಕೆಗೆ ಈ ಕರಾವಳಿಯಲ್ಲಿ ಹಳೆಯ ನೆಲೆಯಿತ್ತು. 1689ರಲ್ಲಿ ಸೂರತ್ತಿಗೆ ಬಂದ ಇಂಗ್ಲಿಷ್ ಪಾದ್ರಿ ಓವಿಂಗ್ಟನ್ ಅಲ್ಲಿನ ವರ್ತಕರು ಹಸು, ಕುದುರೆ, ಆಡು, ನಾಯಿಗಳು ಕುಂಟಾದಾಗ, ಮುದಿಯಾದಾಗ ಇರಿಸಿ ಸಲಹುತ್ತಿದ್ದ ಆಸ್ಪತ್ರೆಯನ್ನು ವರ್ಣಿಸಿದ್ದಾನೆ. ಮುಂಬಯಿಯಲ್ಲಿ ಬೀದಿನಾಯಿಗಳನ್ನು ಕೊಲ್ಲಿಸುವ ಸರ್ಕಾರಿ ಆಜ್ಞೆಯ ವಿರುದ್ಧ 1832ರಲ್ಲಿ ಪಾರ್ಸಿಗಳು ಮೊದಲಾಗಿ ನಾಗರಿಕರು ದಂಗೆಯೆದ್ದ ಬಳಿಕ, 1834ರಲ್ಲಿ ಜಮ್‌ಶೇಟ್‌ಜೀ ಜೀಜೀಭಾಯ್ ಮತ್ತು ಜೈನ ವರ್ತಕ ಸೇಠ್ ಮೋತಿಶಾ ಮುಂತಾದವರ ಮುಂದಾಳುತನದಲ್ಲಿ ಭುಲೇಶ್ವರದ ಪಾಂಜರಪೋಳ ಹುಟ್ಟಿತು. ಪಾಂಜರಪೋಳವೆಂದರೆ ದುಡಿಯಲಾಗದ ಪ್ರಾಣಿಗಳನ್ನು ಕೊನೆಯುಸಿರಿನವರೆಗೆ ಸಾಕುವ ಧರ್ಮಶಾಲೆ. ಇಲ್ಲಿ ಚಿಕಿತ್ಸೆಯ ಅವಧಿ ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ, ಏಕೆಂದರೆ ಅವಧಿಯನ್ನು ಮನುಷ್ಯ ನಿರ್ಧರಿಸಬಾರದು ಎಂಬುದೇ ಅದರ ತತ್ತ್ವ. ಮಾಲೀಕನಿಗೆ ಬೇಡವಾದ ಪ್ರಾಣಿಗೂ ಬದುಕುವ ಹಕ್ಕಿದೆಯೆಂದು ಹಣ ತೆತ್ತು ಸಾರಿದ ಸಂಸ್ಥೆಯಾಗಿ ಪಾಂಜರಪೋಳದ ಹಿರಿಮೆ ದೊಡ್ಡದು. ಆದರೆ ಮೂಳೆ ಹೊರಬಂದ ಕುದುರೆಗೆ ಮೇವು ಹಾಕಿದ ಮಾತ್ರಕ್ಕೆ ಅದರ ನೋವು ಇಳಿಯುವುದಿಲ್ಲ ಎಂಬ ಸಂಗತಿಯನ್ನು ಆ ತತ್ತ್ವ ಎದುರಿಸಲಿಲ್ಲ.

ಟ್ರಾಮ್ ಶುರುವಾದ 1874ರಲ್ಲಿಯೇ ಮುಂಬಯಿಯ ಪ್ರಾಣಿಹಿಂಸಾ ನಿವಾರಣಾ ಸಂಘವೂ ಸ್ಥಾಪನೆಯಾದದ್ದು ಅರ್ಥಪೂರ್ಣವಾಗಿದೆ. ಬಾಡಿಗೆಗೆ ದುಡಿಯುವ ಕುದುರೆಯ ಲೆಕ್ಕ ಸರಳ: ಕಟ್ಟಿಹಾಕಿದ ದಿನವೂ ಅದಕ್ಕೆ ಹುರುಳಿ, ಹುಲ್ಲು, ಲಾಯದ ಬಾಡಿಗೆ, ಸಾಯಿಸ್‌ನ ಸಂಬಳ ತಪ್ಪುವುದಿಲ್ಲ, ಮೂರು ತಿಂಗಳ ಆರೈಕೆಯ ಕೊನೆಗೆ ಮೂಳೆ ಕೂಡಿದರೂ ಗಾಡಿ ಎಳೆಯುವ ಶಕ್ತಿ ಮರಳುವ ಭರವಸೆಯಿಲ್ಲ. ನೂರಾರು ಕುದುರೆಗಳಿರುವ ಕಂಪನಿ ಒಂದನ್ನು ಕಳೆದುಕೊಂಡು ಇನ್ನೊಂದನ್ನು ಕೊಳ್ಳಬಲ್ಲುದು. ಒಂದೇ ಕುದುರೆಯ ಮೇಲೆ ಮನೆ ನಡೆಸುವ ಗಾಡಿಯವನಿಗೆ ಚಿಕಿತ್ಸೆ ಮಾಡಿಸುವ ಶಕ್ತಿಯೂ ಇಲ್ಲ, ಕೊಲ್ಲಲು ಒಪ್ಪುವ ಧೈರ್ಯವೂ ಇಲ್ಲ, ಹೀಗಾಗಿ ಅವನ ಕುದುರೆ ಕುಂಟುತ್ತಲೇ ದುಡಿಯುತ್ತದೆ. ಈ ಎರಡು ತುದಿಗಳ ನಡುವೆ ಮೂರನೆಯ ದಾರಿಯಾಗಿ ಬಂದದ್ದು ಗಿರಣಿ ಮಾಲೀಕ ಸರ್ ದಿನ್‌ಶಾ ಮಾಣಿಕ್‌ಜೀ ಪೆಟಿಟ್ ತಮ್ಮ ಪತ್ನಿಯ ಹೆಸರಿನಲ್ಲಿ ಪರೇಲಿನಲ್ಲಿ ಕಟ್ಟಿಸಿಕೊಟ್ಟ ಬಾಯಿ ಸಕರ್‌ಬಾಯಿ ಪ್ರಾಣಿ ಆಸ್ಪತ್ರೆ. ಅದೇ ಆವರಣದಲ್ಲಿ 1886ರಲ್ಲಿ ಬಾಂಬೆ ಪಶುವೈದ್ಯಕೀಯ ಕಾಲೇಜು ಆರಂಭವಾಗಿ, ಭಾರತದಲ್ಲಿ ಪಶುವೈದ್ಯದ ಪತ್ರಿಕೆಯನ್ನು ಹುಟ್ಟುಹಾಕಿದವರಲ್ಲಿ ಒಬ್ಬರಾದ ಜಾನ್ ಹೆನ್ರಿ ಸ್ಟೀಲ್ ಅದರ ಹೊಣೆ ಹೊತ್ತರು. 1891ರಲ್ಲಿ ಅವರು ತೀರಿಕೊಂಡರೂ ಕಾಲೇಜು ಬೆಳೆಯಿತು. ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಪಶುವೈದ್ಯಕೀಯ ಕಾಲೇಜು ತೆರೆಯುವುದಕ್ಕೆ ಎಷ್ಟೋ ಮೊದಲು, ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಯಪುರ ಜಿಲ್ಲೆಗಳಿಗೆ ಪಶುವೈದ್ಯ ಶಿಕ್ಷಣದ ಬಾಗಿಲು ಇದೇ ಆಗಿತ್ತು.

ಆಸ್ಪತ್ರೆ ತಂದ ಮುಖ್ಯ ಬದಲಾವಣೆ ಔಷಧಿಯಲ್ಲಿ ಇದ್ದುದಕ್ಕಿಂತ ತೀರ್ಮಾನದ ಕ್ರಮದಲ್ಲಿತ್ತು. ಕುದುರೆಯ ಬದುಕಿನಿಂದಾಗಲಿ ಸಾವಿನಿಂದಾಗಲಿ ತನಗೆ ಲಾಭವಿಲ್ಲದ ಒಬ್ಬ ಕಲಿತ ಮನುಷ್ಯ ಗಾಯವನ್ನು ನೋಡಿ ಮಾತನಾಡುವ ಸ್ಥಾನ ಅಲ್ಲಿ ಮೊದಲ ಬಾರಿಗೆ ಏರ್ಪಟ್ಟಿತು. ಹೊಟ್ಟೆಯ ಕೆಳಗೆ ದಪ್ಪ ಕ್ಯಾನ್ವಾಸಿನ ಪಟ್ಟಿ ಹಾಯಿಸಿ ತೊಲೆಗೆ ತೂಗುಹಾಕುವುದು, ಮರದ ದಬ್ಬೆಯಿಟ್ಟು ಕಟ್ಟುವುದು, ಕ್ಲೋರೋಫಾರ್ಮ್ ಕೊಟ್ಟು ಗಾಯ ಶುದ್ಧಮಾಡುವುದು ಆ ಕಾಲದ ಪಶುವೈದ್ಯನ ಸಲಕರಣೆಗಳು. ಇವು ಸೀಳು ಬಿಟ್ಟ ಮೂಳೆಗೆ ಸಾಕಾದರೂ ಚೂರಾದ ಮೂಳೆಗೆ ಸಾಲುತ್ತಿರಲಿಲ್ಲ.

ಕೊಲ್ಲುವ ದಯೆ ಮತ್ತು ಕೊಲ್ಲದ ದಯೆಗಳ ವಾದ ಈ ದೇಶದಲ್ಲಿ ಅತ್ಯಂತ ಬಹಿರಂಗವಾಗಿ ನಡೆದದ್ದು ಒಂದು ಕರುವಿನ ವಿಷಯದಲ್ಲಿ. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಹೆಳವಾಗಿ ಮಲಗಿದ್ದ ಕರುವೊಂದು ಮಗ್ಗುಲು ಬದಲಿಸಲೂ ಆಗದೆ ನರಳುತ್ತಿದ್ದಾಗ, ಇನ್ನು ಗುಣವಾಗುವ ಆಸೆಯಿಲ್ಲವೆಂದು ವೈದ್ಯರು ಹೇಳಿದ ಮೇಲೆ, ಗಾಂಧೀಜಿ ತಮ್ಮ ಎದುರಿನಲ್ಲಿಯೇ ವಿಷದ ಚುಚ್ಚುಮದ್ದು ಕೊಡಿಸಿದರು ಮತ್ತು ಅದನ್ನು ಮುಚ್ಚಿಡದೆ 'ನವಜೀವನ'ದಲ್ಲಿ, 'ಯಂಗ್ ಇಂಡಿಯಾ'ದಲ್ಲಿ ಬರೆದು ತೀವ್ರ ಟೀಕೆಗೆ ಗುರಿಯಾದರು. ಅವರ ಕ್ರಮದಲ್ಲಿ ಕುದುರೆಯ ಪ್ರಶ್ನೆಗೂ ಅನ್ವಯಿಸುವ ಮೂರು ಅಂಶಗಳಿವೆ: ವೈದ್ಯನ ಅಭಿಪ್ರಾಯವನ್ನು ಮೊದಲು ಪಡೆದರು, ಆಶ್ರಮದವರೊಡನೆ ಚರ್ಚಿಸಿದರು, ಖರ್ಚಿನ ಮಾತನ್ನಲ್ಲದೆ ಪ್ರಾಣಿಯ ನೋವನ್ನೇ ಅಳತೆಗೋಲಾಗಿ ಇಟ್ಟರು.

ಪಂದ್ಯದ ಮೈದಾನದಲ್ಲಿ ಈ ಚರ್ಚೆಗೆ ಸಿಗುವ ಸಮಯ ನಿಮಿಷಗಳದ್ದು. ಓಡುತ್ತಿರುವಾಗ ಕಾಲು ಮುರಿದ ಕುದುರೆ ಉದ್ವೇಗದಲ್ಲಿ ಮುರಿದ ಕಾಲಿನ ಮೇಲೆಯೇ ಮುಂದಕ್ಕೆ ಹಾರುತ್ತದೆ; ವೈದ್ಯ ಅದನ್ನು ಹಿಡಿದು ನಿಲ್ಲಿಸಿ, ದಬ್ಬೆ ಕಟ್ಟಿ ಆಸ್ಪತ್ರೆಗೆ ಸಾಗಿಸಬಹುದೇ ಅಥವಾ ಅಲ್ಲಿಯೇ ಮುಗಿಸಬೇಕೇ ಎಂದು ಹೇಳಬೇಕಾಗುತ್ತದೆ. ಹಣವಿದ್ದರೆ ಬದುಕಿಸಬಹುದಲ್ಲವೇ ಎಂಬ ಸಂಶಯಕ್ಕೆ ಅಮೆರಿಕದ ಬಾರ್ಬಾರೋ ಎಂಬ ಕುದುರೆಯ ಕಥೆಯೇ ಉತ್ತರ. 2006ರ ಮೇ 20ರಂದು ಪಂದ್ಯದಲ್ಲಿ ಬಲ ಹಿಂಗಾಲು ಚೂರಾದ ಆ ಕುದುರೆಗೆ ಲೋಹದ ಪಟ್ಟಿ, ಮೊಳೆಗಳನ್ನು ಜೋಡಿಸಿ, ಜಗತ್ತಿನ ಅತ್ಯುತ್ತಮ ಅಶ್ವ ಆಸ್ಪತ್ರೆಗಳಲ್ಲೊಂದರಲ್ಲಿ ಎಂಟು ತಿಂಗಳು ಆರೈಕೆ ನಡೆಯಿತು. ಮುರಿದ ಕಾಲು ಬಹುಮಟ್ಟಿಗೆ ಕೂಡಿಕೊಂಡಿತು, ಆದರೆ ಎಡ ಹಿಂಗಾಲಿನ ಗೊರಸು ಲ್ಯಾಮಿನೈಟಿಸ್‌ಗೆ ತುತ್ತಾಯಿತು, ಕೊನೆಗೆ ಮುಂಗಾಲುಗಳಿಗೂ ಅದು ಹಬ್ಬಿತು. 2007ರ ಜನವರಿ 29ರಂದು ಅದಕ್ಕೆ ದಯಾಮರಣ ಕೊಡಲಾಯಿತು. ಭಾರತದಲ್ಲಿ ಇದೇ ಪ್ರಶ್ನೆ ದೇಶವನ್ನೇ ಕಲಕಿದ್ದು 2016ರಲ್ಲಿ. ಡೆಹ್ರಾಡೂನ್‌ನ ಪೊಲೀಸ್ ಕುದುರೆ ಶಕ್ತಿಮಾನ್ ಮಾರ್ಚ್ 14ರಂದು ಪ್ರತಿಭಟನೆಯೊಂದರ ಗಲಾಟೆಯಲ್ಲಿ ಹಿಂಗಾಲು ಮುರಿದುಕೊಂಡಿತು, ಆ ಕಾಲನ್ನು ಕತ್ತರಿಸಿ ಕೃತಕ ಕಾಲು ಜೋಡಿಸಲಾಯಿತು, ಏಪ್ರಿಲ್ 20ರಂದು ಅದು ಸತ್ತಿತು. ವೈದ್ಯರ ಶ್ರಮವನ್ನೂ ಜನರ ಮಮತೆಯನ್ನೂ ಗೌರವಿಸುತ್ತಲೇ, ಆ 37 ದಿನಗಳು ಹಳೆಯ ಶಾಸ್ತ್ರದ ಭಾಷೆಯಲ್ಲಿ ಯಾಪ್ಯವಾದದ್ದನ್ನು ಸಾಧ್ಯವೆಂದು ಭಾವಿಸಿದ ದಿನಗಳೆಂದು ಹೇಳದೆ ವಿಧಿಯಿಲ್ಲ.

ಮುಂಬಯಿಯಲ್ಲಿ 1907ರ ಮೇ ತಿಂಗಳಿನಿಂದ ಟ್ರಾಮ್ ವಿದ್ಯುತ್ತಿನಿಂದ ಓಡತೊಡಗಿತು. ವಿಕ್ಟೋರಿಯಾ ಎಂಬ ಸಾರೋಟು ಮಾತ್ರ ವಿಹಾರದ ಗಾಡಿಯಾಗಿ ಇನ್ನೂ ಒಂದು ಶತಮಾನ ಉಳಿದು, 2015ರ ಜೂನ್‌ನಲ್ಲಿ ಬಾಂಬೆ ಹೈಕೋರ್ಟು ಅದನ್ನು ಕಾನೂನುಬಾಹಿರವೆಂದು ಸಾರುವವರೆಗೂ ಡಾಂಬರಿನ ಮೇಲೆ ಲಾಳ ಸವೆಸಿತು. ಮದುವೆಯ ಮೆರವಣಿಗೆಯ ಹೆಣ್ಣುಕುದುರೆಗಳೂ ಪಂದ್ಯದ ಕುದುರೆಗಳೂ ಈಗಲೂ ಈ ನಗರದಲ್ಲಿವೆ, ಆದ್ದರಿಂದ ಪ್ರಶ್ನೆ ಮುಗಿದಿಲ್ಲ. ರುಕ್ಮಿಣಿದೇವಿ ಅರುಂಡೇಲ್ ಅವರ ಪ್ರಯತ್ನದ ಫಲವಾಗಿ ಬಂದು 1890ರ ಹಳೆಯ ಕಾಯಿದೆಯ ಸ್ಥಾನವನ್ನು ಪಡೆದ 1960ರ ಪ್ರಾಣಿಹಿಂಸೆ ತಡೆ ಕಾಯಿದೆ ತನ್ನ 13ನೆಯ ಕಲಮಿನಲ್ಲಿ ಇದಕ್ಕೆ ಕ್ರಮವನ್ನು ಹೇಳಿದೆ: ಹಿಂಸೆಯಾಗದಂತೆ ಸಾಗಿಸಲಾರದಷ್ಟು ಗಾಯಗೊಂಡ ಪ್ರಾಣಿಯನ್ನು ಕಂಡ ಪೊಲೀಸ್ ಅಧಿಕಾರಿ, ಮಾಲೀಕ ಇಲ್ಲದಿದ್ದರೆ ಅಥವಾ ಕೊಲ್ಲಲು ಒಪ್ಪದಿದ್ದರೆ, ಆ ಪ್ರದೇಶದ ಪಶುವೈದ್ಯಾಧಿಕಾರಿಯನ್ನು ಕೂಡಲೇ ಕರೆಸಬಹುದು, ಅದನ್ನು ಬದುಕಿಸಿಡುವುದೇ ಕ್ರೌರ್ಯವೆಂದು ವೈದ್ಯ ಬರೆದುಕೊಟ್ಟರೆ ಮ್ಯಾಜಿಸ್ಟ್ರೇಟರ ಆದೇಶ ಪಡೆದು ಅದರ ಪ್ರಾಣ ತೆಗೆಯಬಹುದು. ಮಾಲೀಕನ ನಷ್ಟವೂ ನೆರೆದವರ ಕಣ್ಣೀರೂ ಆ ಕಲಮಿನಲ್ಲಿ ಎಲ್ಲಿಯೂ ಬರುವುದಿಲ್ಲ, ಅದೇ ಅದರ ನ್ಯಾಯ. ಮ್ಯಾಜಿಸ್ಟ್ರೇಟರ ಆ ಆದೇಶದ ಮೇಲೆ ಯಾವ ಮೇಲ್ಮನವಿಗೂ ಅವಕಾಶವಿಲ್ಲ.